ಎರೆಭೂಮಿಯ ಜೋಳ, ಕಾಲುವೆಯ ಅಕ್ಕಿ: ಸಿರಿಗೇರಿ ಸೀಮೆಯ ಊಟ ಮತ್ತು ಸಕ್ಕರೆ ಕಾಯಿಲೆಯ ಹಿನ್ನೆಲೆ

ತುಂಗಭದ್ರೆ ಮತ್ತು ಹಗರಿ ನದಿಗಳ ಆಸುಪಾಸಿನಲ್ಲಿ, ಸಿರುಗುಪ್ಪದಿಂದ ಕುರುಗೋಡಿನವರೆಗೆ ಹರಡಿರುವ ಎರೆಭೂಮಿಯ ಸೀಮೆಗೆ ಸೇರಿದ ಊರು ಸಿರಿಗೇರಿ. ಈ ಸೀಮೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಅಂದರೆ ಟೈಪ್ ಎರಡು ಮಧುಮೇಹ, ಹೊಸದಾಗಿ ಪತ್ತೆಯಾದರೆ ವೈದ್ಯರಿಂದ ಮೊದಲು ಕೇಳಿಬರುವ ಮಾತು ಅನ್ನ ಕಡಿಮೆ ಮಾಡಿ, ರೊಟ್ಟಿ ಉಣ್ಣಿ, ದಿನಾ ನಡೆಯಿರಿ ಎಂಬುದು. ಮೂರು ತಲೆಮಾರುಗಳ ಹಿಂದೆ ಇದೇ ಊರುಗಳ ಬಹುಪಾಲು ಮನೆಗಳಲ್ಲಿ ಕಡಿಮೆ ಮಾಡುವಷ್ಟು ಅನ್ನವೇ ಇರಲಿಲ್ಲ, ನಡೆಯದೆ ಬದುಕುವ ದಾರಿಯೂ ಇರಲಿಲ್ಲ. ಆದ್ದರಿಂದ ಈ ಸಲಹೆಯ ಹಿಂದುಮುಂದನ್ನು ತಿಳಿಯಬೇಕಾದರೆ ಸೀಮೆಯ ಧಾನ್ಯ, ನೀರು ಮತ್ತು ದುಡಿಮೆಯ ಚರಿತ್ರೆಯನ್ನು ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ಹಿರಿಯರ ಊಟಕ್ಕೆ ಮರಳಬೇಕೆಂಬ ಇತ್ತೀಚಿನ ಘೋಷಣೆಯಲ್ಲಿ ಎಷ್ಟು ನಿಜವಿದೆ, ಎಷ್ಟು ಮರೆವಿದೆ ಎಂಬುದೂ ಗೋಚರಿಸುತ್ತದೆ.

ಎರೆಮಣ್ಣಿಗೆ ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಗುಣವಿರುವುದರಿಂದ, ಮಳೆ ಕಡಿಮೆಯಿರುವ ಬಳ್ಳಾರಿ ಜಿಲ್ಲೆಯಲ್ಲಿಯೂ ಹಿಂಗಾರಿನ ಬಿಳಿಜೋಳ ಮತ್ತು ಹತ್ತಿ ಶತಮಾನಗಳಿಂದ ಬೆಳೆದುಬಂದಿವೆ. 1872ರಲ್ಲಿ ಕೆಲ್ಸಾಲ್ ಬರೆದ ಜಿಲ್ಲಾ ಕೈಪಿಡಿಯ ಕಾಲದಿಂದ 1904ರಲ್ಲಿ ಫ್ರಾನ್ಸಿಸ್ ಸಿದ್ಧಪಡಿಸಿದ ಗೆಜೆಟಿಯರಿನ ಕಾಲದವರೆಗೂ ಜಿಲ್ಲೆಯ ಜನರ ಮುಖ್ಯ ಆಹಾರ ಜೋಳವೇ ಆಗಿತ್ತು. ಕೈಗೆ ಬಂದ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿ ಒಳಮೈಗೆ ಹುಲ್ಲು ಹೊದಿಸಿದ ಕಣಜದಲ್ಲಿ, ತುಂಬಿ ಬಾಯಿಗೆ ಮಣ್ಣು ಮುಚ್ಚಿಡುತ್ತಿದ್ದರು. ಒಂದು ವರ್ಷದ ಬೆಳೆ ಮುಂದಿನ ಕೆಟ್ಟ ವರ್ಷಕ್ಕೆ ಆಸರೆಯಾಗುತ್ತಿದ್ದುದು ಹೀಗೆ. ಊಟವೆಂದರೆ ರೊಟ್ಟಿ, ಸಂಗಟಿ, ನುಚ್ಚು, ಅಂಬಲಿ; ಅದರ ಜೊತೆಗೆ ಪುಂಡಿಪಲ್ಯ, ಹೆಸರು ಅಥವಾ ಮಡಿಕೆ ಕಾಳು, ಗುರೆಳ್ಳಿನ ಪುಡಿ, ಮುಂದೆ ಶೇಂಗಾ ಬೆಳೆ ಹಬ್ಬಿದ ಮೇಲೆ ಶೇಂಗಾ ಚಟ್ನಿ. ನವಣೆ, ಸಜ್ಜೆಗಳೂ ಇದ್ದವು. ಈ ಊಟವನ್ನು ಇಂದಿನ ಪೌಷ್ಟಿಕಾಂಶದ ಕೋಷ್ಟಕದಲ್ಲಿಟ್ಟು ನೋಡುವವರು ಮರೆಯುವ ಒಂದು ಸಂಗತಿಯೆಂದರೆ, ರೊಟ್ಟಿ ತಟ್ಟುವ ಮೊದಲು ಹೆಂಗಸರು ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕೂರಬೇಕಾಗಿತ್ತು, ಬಾವಿಯಿಂದಲೋ ಹಳ್ಳದಿಂದಲೋ ನೀರು ಹೊರಬೇಕಾಗಿತ್ತು, ಆನಂತರ ಹೊಲಕ್ಕೆ ನಡೆಯಬೇಕಾಗಿತ್ತು. ಉಂಡದ್ದರಲ್ಲಿ ಒಂದು ಪಾಲು ಮುಂದಿನ ಊಟವನ್ನು ಸಿದ್ಧಪಡಿಸುವುದಕ್ಕೇ ಖರ್ಚಾಗುತ್ತಿತ್ತು.

ಸೀಮೆಗೆ ಅಕ್ಕಿ ಅಪರಿಚಿತವಾಗಿತ್ತು ಎಂದು ಇದರಿಂದ ತಿಳಿಯಬಾರದು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆಗಳನ್ನು ಕಟ್ಟಿ ತೆಗೆದ ಕಾಲುವೆಗಳ ಪೈಕಿ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಇಂದಿಗೂ ಹರಿಯುತ್ತಿದ್ದು, ನದಿಯಂಚಿನ ಕಿರಿದಾದ ಪಟ್ಟಿಯಲ್ಲಿ ಭತ್ತದ ಗದ್ದೆಗಳನ್ನು ಸಾಧ್ಯವಾಗಿಸಿದವು. ಆದರೆ ಆ ಅಕ್ಕಿ ದೇವರ ನೈವೇದ್ಯಕ್ಕೆ, ಮದುವೆಗೆ, ಹಬ್ಬಕ್ಕೆ, ಬೀಗರು ಬಂದ ದಿನಕ್ಕೆ ಮೀಸಲಾದ ಧಾನ್ಯವಾಗಿತ್ತು. ಅನ್ನಕ್ಕಿದ್ದ ಈ ಮರ್ಯಾದೆಯನ್ನು ಗಮನಿಸದೆ ಮುಂದಿನ ಬದಲಾವಣೆಯ ವೇಗ ಅರ್ಥವಾಗುವುದಿಲ್ಲ. ಹಬ್ಬದ ಊಟವನ್ನು ದಿನದ ಊಟವಾಗಿಸಿಕೊಳ್ಳುವ ಅವಕಾಶ ಬಂದಾಗ ಅದನ್ನು ಯಾರೂ ಬೇಡವೆನ್ನಲಿಲ್ಲ.

ಜೋಳದ ಕಾಲವನ್ನು ಆರೋಗ್ಯದ ಸುವರ್ಣಯುಗವೆಂದು ಬಣ್ಣಿಸಲು ಅಡ್ಡಬರುವುದು ಬರದ ಚರಿತ್ರೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಜಿಲ್ಲೆಗಳ ಪೈಕಿ ಅತ್ಯಂತ ಹೆಚ್ಚು ನಲುಗಿದವುಗಳಲ್ಲಿ ಬಳ್ಳಾರಿಯೂ ಒಂದು. 1877ರ ಆರಂಭದಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಬರಪರಿಹಾರದ ಕಾಮಗಾರಿಯಲ್ಲಿ ಕಲ್ಲುಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯ ಮತ್ತು ಒಂದಾಣೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿ, ಇಷ್ಟು ಉಂಡು ದುಡಿಯುವ ದೇಹ ಸವೆದು ಸಾಯುತ್ತದೆಂದು ವಾದಿಸಿದ. ಕೆಲವೇ ತಿಂಗಳಲ್ಲಿ ಆ ಪ್ರಮಾಣವನ್ನು ಏರಿಸಬೇಕಾಯಿತು. ದುಡಿಯುವ ಮನುಷ್ಯನಿಗೆ ಎಷ್ಟು ಧಾನ್ಯ ಬೇಕೆಂಬ ಪ್ರಶ್ನೆ ಈ ನೆಲದಲ್ಲಿ ಸರ್ಕಾರಿ ಕಡತಕ್ಕೆ ಬಂದದ್ದು ಉಳಿತಾಯದ ಲೆಕ್ಕವಾಗಿ ಎಂಬುದು ವ್ಯಂಗ್ಯವೇ ಸರಿ.

ಹಸಿವಿನ ಈ ಪರಂಪರೆಗೂ ಇಂದಿನ ಮಧುಮೇಹಕ್ಕೂ ನಂಟಿದೆಯೇ ಎಂಬುದು ವಿಜ್ಞಾನಿಗಳು ಬಹಳ ಚರ್ಚಿಸಿದ ವಿಷಯ. ಕೊರತೆಯ ಕಾಲದಲ್ಲಿ ಶಕ್ತಿಯನ್ನು ಕೂಡಿಡಲು ನೆರವಾದ ವಂಶವಾಹಿಗಳೇ ಸಮೃದ್ಧಿಯಲ್ಲಿ ಮುಳುವಾಗುತ್ತವೆ ಎಂಬ ಊಹೆಯನ್ನು 1962ರಲ್ಲಿ ಜೇಮ್ಸ್ ನೀಲ್ ಮುಂದಿಟ್ಟರೆ, ದೋಷವನ್ನು ವಂಶವಾಹಿಗಿಂತ ಹೆಚ್ಚಾಗಿ ಗರ್ಭದಲ್ಲಿನ ಅಪೌಷ್ಟಿಕತೆಯಲ್ಲಿ ಹುಡುಕಬೇಕೆಂದು 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ವಾದಿಸಿದರು. ಈ ವಾದವನ್ನು ಪರೀಕ್ಷಿಸಿದ ಮುಖ್ಯ ಅಧ್ಯಯನಗಳಲ್ಲೊಂದು ಕರ್ನಾಟಕದಲ್ಲಿಯೇ ನಡೆಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಬರೆದಿಟ್ಟ ಹೆರಿಗೆಯ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದಾಗ, 1998ರಲ್ಲಿ ಪ್ರಕಟವಾದ ಫಲಿತಾಂಶ ಯೂರೋಪಿನದಕ್ಕಿಂತ ಬೇರೆಯಾಗಿತ್ತು: ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದ ಶಿಶುಗಳಲ್ಲಿ ಮತ್ತು ಭಾರವಾದ ತಾಯಂದಿರ ಮಕ್ಕಳಲ್ಲಿ ಮುಂದೆ ಮಧುಮೇಹ ಹೆಚ್ಚು ಕಂಡಿತು. ಬರದಿಂದ ನೇರವಾಗಿ ಸಕ್ಕರೆ ಕಾಯಿಲೆಗೆ ಗೆರೆ ಎಳೆಯುವವರು ಎಚ್ಚರಿಕೆಯಿಂದಿರಬೇಕು ಎಂಬುದಕ್ಕೆ ಇದೊಂದು ಕಾರಣ.

ಗೆರೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ನೀರಿನ ವಿಷಯದಲ್ಲಿ. ಬರ ತಡೆಯುವ ಉಪಾಯವೆಂದು ಬಹುಕಾಲ ಚರ್ಚೆಯಲ್ಲಿದ್ದ ತುಂಗಭದ್ರಾ ಯೋಜನೆಗೆ 1945ರ ಫೆಬ್ರುವರಿಯಲ್ಲಿ ಒಂದು ದಂಡೆಯಲ್ಲಿ ಮದ್ರಾಸ್ ಸರ್ಕಾರವೂ ಇನ್ನೊಂದು ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನವೂ ಅಡಿಗಲ್ಲು ಹಾಕಿಸಿದವು. 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಸಿರುಗುಪ್ಪವೂ ಸೇರಿದಂತೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಬಲದಂಡೆಯ ಕೆಳಮಟ್ಟದ ಕಾಲುವೆ ಈ ಸೀಮೆಯನ್ನು ಹಾದು ಕರ್ನೂಲಿನತ್ತ ಸಾಗುತ್ತದೆ. ಯೋಜನೆಯ ಮೂಲ ಉದ್ದೇಶ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿ ಬೆಳೆಗಳನ್ನು ಬರದಿಂದ ಕಾಪಾಡುವುದು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಸರ್ಕಾರವೇ ಗೊತ್ತುಮಾಡಿ, ಭತ್ತಕ್ಕೆ ಮಿತವಾದ ಪ್ರದೇಶವನ್ನಷ್ಟೇ ಬಿಟ್ಟಿತ್ತು.

ನಡೆದದ್ದು ಬೇರೆ. ಕರಾವಳಿ ಆಂಧ್ರದ ಮುಖಜಭೂಮಿಗಳಿಂದ ಭತ್ತದ ಬೇಸಾಯದಲ್ಲಿ ಪಳಗಿದ ರೈತರು ಬಂದು, ಭೂಮಿ ಕೊಂಡು, ಕಾಲುವೆಯ ಗುಂಟ ನೆಲೆಸಿದರು. ಇಂದಿಗೂ ಕ್ಯಾಂಪ್ ಎಂಬ ಹೆಸರಿನಿಂದಲೇ ಕರೆಯಿಸಿಕೊಳ್ಳುವ ಊರುಗಳು ಹುಟ್ಟಿದ್ದು ಹೀಗೆ. ಸ್ಥಳೀಯರೂ ಅವರನ್ನು ನೋಡಿ ಎರೆಹೊಲಗಳಿಗೆ ಬದು ಕಟ್ಟಿ ಗದ್ದೆ ಮಾಡಿದರು. 1960ರ ದಶಕದ ಕೊನೆಗೆ ಬಂದ ಗಿಡ್ಡ ತಳಿಗಳು, ಅನಂತರದ ಸೋನಾ ಮಸೂರಿ, ರಸಗೊಬ್ಬರ, ಅಕ್ಕಿ ಗಿರಣಿಗಳು ಸೇರಿ ಸಿರುಗುಪ್ಪಕ್ಕೆ ಭತ್ತದ ಕಣಜವೆಂಬ ಹೆಸರು ಬಂತು. ಕಾಲುವೆಯ ಕೊನೆಯಂಚಿನ ಊರುಗಳಿಗೆ ನೀರು ತಲುಪದ ಜಗಳವೂ ಅದರೊಡನೆ ಬಂತು. ಗಿರಣಿಯಲ್ಲಿ ತೌಡು ತೆಗೆದು ಹೊಳಪು ಕೊಟ್ಟ ಬಿಳಿ ಅಕ್ಕಿ ಕೂಲಿಯವರ ಮನೆಯನ್ನೂ ಮುಟ್ಟಿತು, 2013ರಲ್ಲಿ ಆರಂಭವಾದ ಅನ್ನಭಾಗ್ಯ ಅದನ್ನು ಇನ್ನಷ್ಟು ಸುಲಭಗೊಳಿಸಿತು. ಹಸಿವಿನ ಲೆಕ್ಕದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ದಶಕಗಳಲ್ಲಿ ಹಿಟ್ಟಿನ ಗಿರಣಿ ಬೀಸುವ ಕಲ್ಲನ್ನೂ, ಟ್ರ್ಯಾಕ್ಟರ್ ಎತ್ತುಗಳನ್ನೂ, ಕೊಯ್ಲಿನ ಯಂತ್ರ ಕುಡುಗೋಲನ್ನೂ, ಮೋಟರ್ ಬೈಕು ಕಾಲ್ನಡಿಗೆಯನ್ನೂ ಮೂಲೆಗೆ ಸರಿಸಿದವು. ಧಾನ್ಯ ಬದಲಾದದ್ದನ್ನು ಎಲ್ಲರೂ ಹೇಳುತ್ತಾರೆ. ಸ್ನಾಯುಗಳು ಕೆಲಸ ಕಳೆದುಕೊಂಡದ್ದು ಅಷ್ಟೇ ದೊಡ್ಡ ಬದಲಾವಣೆ.

ದೇಹದೊಳಗೆ ಇದು ಹೇಗೆ ಕಾಯಿಲೆಯಾಗುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಮೇದೋಜ್ಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್, ರಕ್ತದ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಸೇರಿಸುತ್ತದೆ, ಯಕೃತ್ತಿನಿಂದ ಹೊಸ ಗ್ಲೂಕೋಸ್ ಹೊರಬರುವುದನ್ನು ತಡೆಯುತ್ತದೆ. ಸ್ನಾಯುಗಳು ಸುಮ್ಮನಿದ್ದು, ಹೊಟ್ಟೆ ಮತ್ತು ಯಕೃತ್ತಿನಲ್ಲಿ ಕೊಬ್ಬು ಸೇರಿದಾಗ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಹೆಚ್ಚು ಹೆಚ್ಚು ಸ್ರವಿಸಿ ಗ್ರಂಥಿ ದಣಿಯುತ್ತದೆ. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಗ್ಲೂಕೋಸ್ ಇದ್ದರೆ, ಇಲ್ಲವೆ ಸುಮಾರು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ 6.5 ಪ್ರತಿಶತ ಮುಟ್ಟಿದರೆ ಕಾಯಿಲೆಯೆಂದು ನಿರ್ಣಯಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ, ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು.

ಊಟ ಮತ್ತು ದುಡಿಮೆಯಿಂದ ಇದನ್ನು ಹತೋಟಿಗೆ ತರಬಹುದೆಂಬ ತಿಳಿವಳಿಕೆ ಹೊಸದೇನಲ್ಲ. ಚರಕಸಂಹಿತೆ ಪ್ರಮೇಹದ ರೋಗಿಗೆ ಜವೆಯ ಆಹಾರವನ್ನು ಹೇಳುತ್ತದೆ. ಸುಶ್ರುತಸಂಹಿತೆ ಬಡ ರೋಗಿಗೆ ಪಾದರಕ್ಷೆ, ಛತ್ರಿಗಳಿಲ್ಲದೆ ನೂರು ಯೋಜನ ನಡೆಯುವಂತೆಯೂ ಬಾವಿ ತೋಡುವಂತೆಯೂ ವಿಧಿಸುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪ್ರತ್ಯೇಕಿಸುವ ಮೊದಲು ಪಾಶ್ಚಾತ್ಯ ವೈದ್ಯರ ಕೈಯಲ್ಲಿಯೂ ಪಥ್ಯದ ಹೊರತು ಹೆಚ್ಚೇನೂ ಇರಲಿಲ್ಲ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ 1948ರಲ್ಲಿ ಮದ್ರಾಸ್ ನಗರದ ಸ್ಟಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಮಧುಮೇಹಕ್ಕೆಂದೇ ವಿಭಾಗವೊಂದನ್ನು ತೆರೆದರು. ಪಥ್ಯ ಮತ್ತು ನಡಿಗೆಯ ಬಲವನ್ನು ಅಂಕಿಗಳಲ್ಲಿ ತೋರಿಸಿದ್ದು ಈಚಿನ ಪ್ರಯೋಗಗಳು: ಮಧುಮೇಹದ ಅಂಚಿನಲ್ಲಿದ್ದವರು ಕಾಯಿಲೆಗೆ ಜಾರುವುದು ಜೀವನಕ್ರಮದ ಬದಲಾವಣೆಯಿಂದ ಅಮೆರಿಕದಲ್ಲಿ 58 ಪ್ರತಿಶತ, ಚೆನ್ನೈನ ಡಾ. ಎ. ರಾಮಚಂದ್ರನ್ ನೇತೃತ್ವದ ಪ್ರಯೋಗದಲ್ಲಿ 28.5 ಪ್ರತಿಶತ ತಗ್ಗಿತು. ಬ್ರಿಟನ್ನಿನ 2017ರ ಪ್ರಯೋಗದಲ್ಲಿ, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ ದಪ್ಪ ಮೈಯವರು ಕೆಲ ತಿಂಗಳು ಕಟ್ಟುನಿಟ್ಟಾಗಿ ಊಟ ತಗ್ಗಿಸಿ ತೂಕ ಇಳಿಸಿದಾಗ, ವರ್ಷದ ಕೊನೆಗೆ 46 ಪ್ರತಿಶತ ಜನರಲ್ಲಿ ಮಾತ್ರೆಯಿಲ್ಲದೆಯೇ ಸಕ್ಕರೆ ಮಿತಿಗೆ ಬಂದಿತ್ತು. ಈ ಫಲಿತಾಂಶವನ್ನು ಮೊದಲೇ ಸೊರಗಿದ ಕೂಲಿಯಾಳಿಗೆ ಹಾಗೆಯೇ ಅನ್ವಯಿಸುವುದು ಅಪಾಯಕರ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಜೋಳದ ವಿಷಯದಲ್ಲಿಯೂ ಅಳತೆ ಮುಖ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ, 3 ಗ್ರಾಂಗಿಂತ ಕಡಿಮೆ ನಾರು ಇದ್ದರೆ, ಅಷ್ಟೇ ಜೋಳದಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟ, 10 ಗ್ರಾಂ ನಾರು ಇವೆ. ವ್ಯತ್ಯಾಸ ನಿಜ, ಆದರೆ ನಾಲ್ಕು ರೊಟ್ಟಿ ಉಂಡು ಮೇಲೆ ಅನ್ನ ಸಾರು ಉಣ್ಣುವವರಿಗೆ ಅದರಿಂದ ಏನೂ ಲಾಭವಿಲ್ಲ. ಹಳೆಯ ತಟ್ಟೆಯಲ್ಲಿ ರೊಟ್ಟಿಯ ಪಕ್ಕದಲ್ಲಿದ್ದ ಕಾಳು, ಸೊಪ್ಪಿನ ಪಲ್ಯ, ಮಜ್ಜಿಗೆಗಳು ಗ್ಲೂಕೋಸ್ ಏರುವ ವೇಗವನ್ನು ತಗ್ಗಿಸುತ್ತಿದ್ದವು; ಈಗಿನ ಮುಂಜಾನೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಸಕ್ಕರೆ ಚಹಾ ಆ ಕೆಲಸ ಮಾಡುವುದಿಲ್ಲ. ಇನ್ನೊಂದು ತೊಡಕು ಹಣದ್ದು. ಅಕ್ಕಿ ಪಡಿತರದಲ್ಲಿ ಬಿಟ್ಟಿಯಾಗಿ ಸಿಗುವ ಮನೆಯಲ್ಲಿ ಒಳ್ಳೆಯ ಬಿಳಿಜೋಳವನ್ನು ಸಂತೆಯಲ್ಲಿ ಕೊಂಡು ತರಬೇಕು. ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಹೊರೆ ಹೆಂಗಸರ ಮೇಲೆ ಬೀಳುತ್ತದೆ, ಕಾಯಿಲೆ ಅವರಿಗೇ ಬಂದಾಗ ಆ ಬೇರೆ ಅಡುಗೆ ಬಹುಮಟ್ಟಿಗೆ ಆಗುವುದೇ ಇಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬೆಂಬಲ ಬೆಲೆಗೆ ಜೋಳ ಖರೀದಿಸಿ ಪಡಿತರದಲ್ಲಿ ಹಂಚುವ ಪ್ರಯತ್ನಗಳು ಈಚೆಗೆ ನಡೆದಿವೆ. ಗದ್ದೆಯಾದ ಎರೆಹೊಲಕ್ಕೆ ಎರಡನೆಯ ಬೆಳೆಯ ನೀರು ಸಾಲದ ವರ್ಷಗಳಲ್ಲಿ ರೈತರೂ ಮತ್ತೆ ಜೋಳ ಬಿತ್ತುತ್ತಾರೆ.