ಹಣ್ಣಿನ ಮನೆಮದ್ಯ: ತಯಾರಿಕೆ, ಶೋಧನೆ ಮತ್ತು ಅಪಾಯ

ಹಣ್ಣಿನ ರಸವನ್ನು ಹುದುಗಿಸಿಯೋ, ಹುದುಗಿದ ರಸವನ್ನು ಭಟ್ಟಿ ಇಳಿಸಿಯೋ, ಇಳಿಸಿದ ಮದ್ಯದಲ್ಲಿ ಹಣ್ಣನ್ನು ನೆನೆಹಾಕಿಯೋ ಮನೆಯಲ್ಲಿ ಸಿದ್ಧಪಡಿಸುವ ಪೇಯಗಳನ್ನು ಒಟ್ಟಾಗಿ ಹಣ್ಣಿನ ಮನೆಮದ್ಯ ಎನ್ನಬಹುದು. ಈ ಮೂರೂ ಬೇರೆ ಬೇರೆ ಕ್ರಿಯೆಗಳು. ಇವುಗಳ ಗುಣವೂ ಅಪಾಯವೂ ಬೇರೆ. ಸೋಸಿ ತಿಳಿಯಾಗಿಸಿದ ಮದ್ಯ ಶುದ್ಧವಾದದ್ದು ಎಂಬ ನಂಬಿಕೆ ಬಹಳ ಹಳೆಯದು. ಆದರೆ ತಿಳಿಯಾಗಿರುವುದು ಬೇರೆ, ನಿರಪಾಯವಾಗಿರುವುದು ಬೇರೆ. ಈ ವಿಷಯದಲ್ಲಿ ಓದುಗರು ಮೊದಲು ಅರಿಯಬೇಕಾದ ಅಂಶ ಇದೇ ಆಗಿದೆ.

ಹಿನ್ನೆಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆಗೆ ಸೇರಿವೆ. ಬೇಲ, ಸೀತಾಫಲ, ನೇರಳೆ, ಬಾರಿ, ಕಾರೆ, ಹುಣಸೆ ಇಲ್ಲಿನ ಕಾಡು ಮತ್ತು ಹೊಲದ ಬದುಗಳ ಫಲಗಳು. ದಾಳಿಂಬೆ, ಅಂಜೂರ ತೋಟದ ಬೆಳೆಗಳು.

ಹಣ್ಣಿನಿಂದ ಮದ್ಯ ತೆಗೆಯುವ ವಿಧಾನ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಆಸವದ ಪಾಕವಿದೆ: ಬೇಲದ ಹಣ್ಣು ಒಂದು ತುಲೆ, ಕಾಕಂಬಿಯಂಥ ಫಾಣಿತ ಐದು ತುಲೆ, ಜೇನು ಒಂದು ಪ್ರಸ್ಥ. ಅದೇ ಪ್ರಕರಣದಲ್ಲಿ ಮೇಷಶೃಂಗಿಯ ತೊಗಟೆಯ ಕಷಾಯಕ್ಕೆ ಬೆಲ್ಲ ಬೆರೆಸಿ ಮಾಡುವ ಮೈರೇಯದ ಉಲ್ಲೇಖವೂ ಇದೆ. ದಖ್ಖನಿನ ಕಳ್ಳಭಟ್ಟಿಗಳಲ್ಲಿ ಬೆಲ್ಲದ ಜತೆ ಜಾಲಿ ತೊಗಟೆ ಹಾಕುವ ರೂಢಿ ಇದನ್ನು ನೆನಪಿಸುತ್ತದೆ. ಗೃಹಸ್ಥರು ವಿಶೇಷ ಸಂದರ್ಭಗಳಲ್ಲಿ ಬಿಳಿಯ ಸುರೆಯನ್ನು, ಔಷಧಕ್ಕಾಗಿ ಅರಿಷ್ಟವನ್ನು ಮಾಡಿಕೊಳ್ಳಬಹುದೆಂದೂ, ಉತ್ಸವ ಮತ್ತು ಯಾತ್ರೆಗಳಲ್ಲಿ ನಾಲ್ಕು ದಿನ ವಿನಾಯಿತಿ ಇರಬೇಕೆಂದೂ ಅಲ್ಲಿ ಹೇಳಲಾಗಿದೆ. ಅಂದರೆ ಮನೆಯ ಮದ್ಯದ ಮೇಲೆ ರಾಜ್ಯದ ಹತೋಟಿಯೂ ಅಷ್ಟೇ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಪಾನೀಯಗಳನ್ನು ಮತ್ತು ಮದಿರಾಪಾನವನ್ನು ಕುರಿತ ಭಾಗಗಳಿವೆ.

ಆಧುನಿಕ ಕಾಲದಲ್ಲಿ ಈ ಪ್ರದೇಶ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿಷೇಧ 1948ರ ವೇಳೆಗೆ ಇಡೀ ಪ್ರಾಂತಕ್ಕೆ ವ್ಯಾಪಿಸಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ರಾಜ್ಯದಲ್ಲಿ ನಿಷೇಧ ಸಡಿಲಗೊಂಡಿತು. 2007ರ ಜುಲೈ 1ರಿಂದ ಸಾರಾಯಿ ಮಾರಾಟ ಕರ್ನಾಟಕದಲ್ಲಿ ಸಂಪೂರ್ಣ ನಿಂತಿತು. ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ.

ಮೂರು ಕ್ರಿಯೆಗಳು

ಹುದುಗುವಿಕೆ: ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಈಥೈಲ್ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ 12ರಿಂದ 15ರ ಆಸುಪಾಸು ತಲುಪಿದಾಗ ಯೀಸ್ಟ್ ತಾನೇ ನಿಷ್ಕ್ರಿಯಗೊಳ್ಳುತ್ತದೆ. ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ನೇರಳೆ, ಪ್ಯಾಶನ್ ಹಣ್ಣು ಮುಂತಾದವುಗಳಿಂದ ಮಾಡುವ ವೈನ್ ಈ ವರ್ಗದ್ದು. ಆಯುರ್ವೇದದ ದ್ರಾಕ್ಷಾಸವ ಮೊದಲಾದ ಆಸವ ಮತ್ತು ಅರಿಷ್ಟಗಳಲ್ಲಿಯೂ ಮದ್ಯಸಾರ ಹೀಗೆಯೇ ತಾನಾಗಿ ಹುಟ್ಟುತ್ತದೆ.

ಭಟ್ಟಿ ಇಳಿಸುವಿಕೆ: ಹುದುಗಿದ ರಸವನ್ನು ಕಾಯಿಸಿ, ಆವಿಯನ್ನು ತಂಪುಗೊಳಿಸಿ, ಹೆಚ್ಚು ಪ್ರಬಲವಾದ ದ್ರವವನ್ನು ಪಡೆಯುವುದು. ಗೋವೆಯ ಗೇರುಹಣ್ಣಿನ ಫೆನ್ನಿ ಇದಕ್ಕೆ ಪ್ರಸಿದ್ಧ ನಿದರ್ಶನ. ಗೇರುಹಣ್ಣನ್ನು ತುಳಿದು ತೆಗೆದ ರಸ ಕೆಲವು ದಿನ ಹುದುಗಿದ ಬಳಿಕ ಭಟ್ಟಿಗೆ ಏರುತ್ತದೆ. ಮೊದಲ ಇಳಿಕೆಯಲ್ಲಿ ದೊರೆಯುವುದು ಸೌಮ್ಯವಾದ ‘ಉರ್ರಾಕ್’. ಅದನ್ನು ಮತ್ತೆ ಇಳಿಸಿದಾಗ ಫೆನ್ನಿ. ಇದಕ್ಕೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಲ್ಲಿ ಅದು ಪರವಾನಗಿ ಪಡೆದ ಕಸುಬು ಎಂಬುದನ್ನು ಮರೆಯಬಾರದು.

ನೆನೆಹಾಕುವಿಕೆ: ಸಿದ್ಧ ಮದ್ಯದಲ್ಲಿ ಹಣ್ಣಿನ ತಿರುಳು, ಸಿಪ್ಪೆ ಅಥವಾ ಒಣಹಣ್ಣನ್ನು ಇರಿಸಿ ಬಣ್ಣ, ಪರಿಮಳ, ಸಿಹಿಗಳನ್ನು ಪಡೆಯುವುದು. ಇಲ್ಲಿ ಹೊಸದಾಗಿ ಮದ್ಯಸಾರ ಹುಟ್ಟುವುದಿಲ್ಲ. ಬದಲಾಗಿ ಹಣ್ಣಿನ ನೀರು ಸೇರುವುದರಿಂದ ಮದ್ಯದ ಸಾಂದ್ರತೆ ಇಳಿಯುತ್ತದೆ. ಮೂಲ ಮದ್ಯ ಕಲಬೆರಕೆಯದಾಗಿದ್ದರೆ ಹಣ್ಣಿನ ಸುವಾಸನೆ ಅದನ್ನು ಮರೆಮಾಚುವುದೇ ಹೊರತು ಸರಿಪಡಿಸುವುದಿಲ್ಲ.

ಶೋಧನೆ: ಏನು ಹೋಗುತ್ತದೆ, ಏನು ಉಳಿಯುತ್ತದೆ

ಮೊದಲ ಹಂತ ತಂಗಿಸುವುದು. ಪಾತ್ರೆಯನ್ನು ಅಲುಗಾಡಿಸದೆ ತಂಪಾದ ಸ್ಥಳದಲ್ಲಿಟ್ಟರೆ ಯೀಸ್ಟ್ ಮತ್ತು ತಿರುಳಿನ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಕೊಳವೆಯಿಂದ ಬೇರ್ಪಡಿಸಲಾಗುತ್ತದೆ. ಎರಡನೆಯದು ಬಟ್ಟೆಯಲ್ಲಿ ಸೋಸುವುದು. ಇದರಿಂದ ನಾರು ಮತ್ತು ಬೀಜದ ಚೂರುಗಳು ಮಾತ್ರ ಹೋಗುತ್ತವೆ. ಮೂರನೆಯದು ಕಾಗದದ ಶೋಧಕ. ಇದು ಇನ್ನೂ ಸಣ್ಣ ಕಣಗಳನ್ನು ತಡೆಯುತ್ತದೆ, ಆದರೆ ಬೇಗನೆ ಕಟ್ಟಿಕೊಳ್ಳುತ್ತದೆ. ಬೇಲ, ಸೀಬೆಯಂಥ ಹಣ್ಣುಗಳಲ್ಲಿ ಪೆಕ್ಟಿನ್ ಎಂಬ ಅಂಟುಪದಾರ್ಥ ಅಧಿಕವಾಗಿರುವುದರಿಂದ ಅವುಗಳ ರಸ ಎಷ್ಟು ಸೋಸಿದರೂ ಮಬ್ಬಾಗಿಯೇ ಉಳಿಯುವುದುಂಟು. ವೈನ್ ಉದ್ಯಮದಲ್ಲಿ ಇದಕ್ಕಾಗಿ ಪೆಕ್ಟಿನನ್ನು ಒಡೆಯುವ ಕಿಣ್ವವನ್ನು ಬಳಸುತ್ತಾರೆ.

ನಾಲ್ಕನೆಯದು ಇದ್ದಲಿನ ಶೋಧನೆ. ಸಕ್ರಿಯ ಇದ್ದಲಿನ ಸೂಕ್ಷ್ಮರಂಧ್ರಗಳು ಬಣ್ಣವನ್ನೂ ಕಟುವಾಸನೆಯನ್ನೂ ಹೀರಿಕೊಳ್ಳುತ್ತವೆ. ಜತೆಗೆ ಹಣ್ಣಿನ ಪರಿಮಳವನ್ನೂ ಹೀರುತ್ತವೆ. ಆದ್ದರಿಂದ ಪರವಾನಗಿ ಪಡೆದ ಕಾರ್ಖಾನೆಗಳಲ್ಲಿ ಇದ್ದಲಿನ ಶೋಧನೆ ಹಣ್ಣು ಸೇರಿಸುವ ಮೊದಲೇ ನಡೆಯುತ್ತದೆ. ಒಲೆಯ ಇದ್ದಲಿಗೆ ಈ ಹೀರುವ ಶಕ್ತಿ ತೀರಾ ಕಡಿಮೆ. ಅದರಿಂದ ಬೂದಿ ಮತ್ತು ಮಸಿ ಪೇಯಕ್ಕೆ ಸೇರುವುದೇ ಹೆಚ್ಚು.

ನೀರಿನ ಪಾತ್ರವೂ ಗಮನಾರ್ಹ. ಬಯಲುಸೀಮೆಯ ಕೊಳವೆಬಾವಿಗಳ ಗಡುಸು ನೀರನ್ನು ಮದ್ಯಕ್ಕೆ ಬೆರೆಸಿದಾಗ ಸುಣ್ಣದ ಲವಣಗಳು ಬೇರ್ಪಟ್ಟು ಬಿಳಿಯ ಮಬ್ಬು ಕಾಣಿಸುತ್ತದೆ. ಸಿಪ್ಪೆಯ ಎಣ್ಣೆಯಿಂದಲೂ ಇಂಥದೇ ಮಬ್ಬು ಬರುತ್ತದೆ. ಈ ಮಬ್ಬು ವಿಷದ ಲಕ್ಷಣವಲ್ಲ. ಮಬ್ಬಿಲ್ಲದಿರುವುದು ಶುದ್ಧತೆಯ ಲಕ್ಷಣವೂ ಅಲ್ಲ.

ಮೀಥೈಲ್ ಆಲ್ಕೊಹಾಲ್

ಮೀಥೈಲ್ ಆಲ್ಕೊಹಾಲ್ ಬಣ್ಣವಿಲ್ಲದ, ನೀರಿನಲ್ಲಿ ಪೂರ್ಣ ಬೆರೆಯುವ ದ್ರವ. ರುಚಿ ಮತ್ತು ವಾಸನೆಗಳಿಂದ ಅದನ್ನು ಗುರುತಿಸುವುದು ಸಾಧ್ಯವಿಲ್ಲ. ಬಟ್ಟೆ, ಕಾಗದ, ಇದ್ದಲು ಯಾವುದೂ ಅದನ್ನು ನೆಚ್ಚಬಹುದಾದ ರೀತಿಯಲ್ಲಿ ತೆಗೆಯುವುದಿಲ್ಲ. ಬೆಂಕಿ ಹಚ್ಚಿ ನೀಲಿ ಜ್ವಾಲೆ ನೋಡುವ ಪರೀಕ್ಷೆಯೂ ವ್ಯರ್ಥ, ಏಕೆಂದರೆ ಅದೂ ಹಾಗೆಯೇ ಉರಿಯುತ್ತದೆ.

ಹಣ್ಣಿನ ಪೆಕ್ಟಿನ್ ಒಡೆಯುವಾಗ ಇದು ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಮೀಥೈಲ್ 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈಥೈಲ್ 78.4 ಡಿಗ್ರಿಯಲ್ಲಿ ಕುದಿಯುವುದರಿಂದ ಮೊದಲು ಇಳಿದ ಭಾಗವನ್ನು ಚೆಲ್ಲಿದರೆ ಸಾಕು ಎಂಬ ಮಾತಿದೆ. ಇದು ಅರ್ಧಸತ್ಯ. ಎರಡೂ ನೀರಿನೊಡನೆ ಬೆರೆತಿರುವಾಗ ಮೀಥೈಲ್ ಇಳಿಕೆಯ ಉದ್ದಕ್ಕೂ ಹರಡಿ ಬರುತ್ತದೆ. ಹಳೆಯ ವಾಹನದ ರೇಡಿಯೇಟರ್ ಅಥವಾ ಬೆಸುಗೆ ಹಾಕಿದ ಕೊಳವೆಗಳನ್ನು ಬಳಸಿದಲ್ಲಿ ಸೀಸದ ವಿಷವೂ ಸೇರುತ್ತದೆ.

ಆದರೆ ಸಾಮೂಹಿಕ ದುರಂತಗಳ ಮುಖ್ಯ ಕಾರಣ ಹಣ್ಣಲ್ಲ. ಅಮಲು ಹೆಚ್ಚಿಸಲೆಂದೋ ಲಾಭಕ್ಕೆಂದೋ ಬೆರೆಸುವ ಕೈಗಾರಿಕಾ ಮೀಥೈಲ್. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಸಾರಾಯಿ ನಿಷೇಧದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ 150ಕ್ಕೂ ಹೆಚ್ಚು ಜನ ಬಲಿಯಾದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಸಾವುಗಳಾದವು. ಸತ್ತವರಲ್ಲಿ ಬಹುಪಾಲು ದಿನಗೂಲಿಯ ಬಡವರು.

ದೇಹದಲ್ಲಿ ಮೀಥೈಲ್ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಹಾಳುಮಾಡುತ್ತದೆ. ಸುಮಾರು 10 ಮಿಲಿಲೀಟರ್ ಶುದ್ಧ ಮೀಥೈಲ್ ದೃಷ್ಟಿಯನ್ನು ಕಸಿಯಬಲ್ಲದು. 30 ಮಿಲಿಲೀಟರ್ ಪ್ರಾಣವನ್ನೇ ತೆಗೆಯಬಲ್ಲದು. ಲಕ್ಷಣಗಳು ಅನೇಕವೇಳೆ 12ರಿಂದ 24 ತಾಸು ತಡವಾಗಿ ಕಾಣಿಸುವುದರಿಂದ ಜನ ಮೋಸಹೋಗುತ್ತಾರೆ. ಕಣ್ಣು ಮಂಜಾಗುವುದು, ಹೊಟ್ಟೆನೋವು, ವಾಂತಿ, ವೇಗದ ಉಸಿರಾಟ ಕಂಡಲ್ಲಿ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅದೇ ಮದ್ಯ ಕುಡಿದ ಇತರರನ್ನೂ, ಅವರು ಚೆನ್ನಾಗಿಯೇ ಕಂಡರೂ, ಕರೆದೊಯ್ಯಬೇಕು. ಪ್ರತಿವಿಷ ಮತ್ತು ಡಯಾಲಿಸಿಸ್ ಸಕಾಲದಲ್ಲಿ ದೊರೆತರೆ ಜೀವ ಉಳಿಯುತ್ತದೆ. ಮಜ್ಜಿಗೆ, ನಿಂಬೆರಸಗಳಿಂದ ಈ ವಿಷ ಇಳಿಯುವುದಿಲ್ಲ.

ಕಾನೂನು

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ‘ತಯಾರಿಕೆ’ ಎಂಬ ಪದದ ವ್ಯಾಪ್ತಿ ಸಾಮಾನ್ಯರು ತಿಳಿದುದಕ್ಕಿಂತ ದೊಡ್ಡದು. ಮರುಭಟ್ಟಿ, ಶುದ್ಧೀಕರಣ, ಸುವಾಸನೆ ಸೇರಿಸುವಿಕೆ, ಮಿಶ್ರಣ, ಬಣ್ಣ ಕಟ್ಟುವಿಕೆ ಎಲ್ಲವೂ ಅದರಲ್ಲಿ ಅಡಕವಾಗಿವೆ. ಮನೆಯ ಬಳಕೆಗೆ ಮಾತ್ರ ಎಂಬ ಸಮಜಾಯಿಷಿ ಭಟ್ಟಿಗೆ ರಕ್ಷಣೆಯಾಗಲಾರದು. ಹಣ್ಣಿನಿಂದ ಉದ್ಯಮ ಕಟ್ಟಬಯಸುವ ರೈತರಿಗೆ ಪರವಾನಗಿಯ ಮಾರ್ಗವಿದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿ, ಬಳಿಕ ವೈನ್ ಮಂಡಳಿಯನ್ನೂ ಸ್ಥಾಪಿಸಿತು.

ಪರ್ಯಾಯ

ಹಣ್ಣಿನ ಸುವಾಸನೆ ಮತ್ತು ಬಾಳಿಕೆಯೇ ಉದ್ದೇಶವಾದಲ್ಲಿ ಮದ್ಯದ ಅಗತ್ಯವಿಲ್ಲ. ಮೇಲೆ ಹೇಳಿದ ತಂಗಿಸುವ ಮತ್ತು ಸೋಸುವ ಕ್ರಮಗಳು ನೇರಳೆ, ದಾಳಿಂಬೆ, ಹುಣಸೆಗಳ ಶರಬತ್ತಿಗೆ ಪೂರ್ಣವಾಗಿ ಹೊಂದುತ್ತವೆ. ರಸವನ್ನು ತಂಗಿಸಿ, ತೊಳೆದ ಬಿಳಿಬಟ್ಟೆಯಲ್ಲಿ ಎರಡು ಸಲ ಸೋಸಿ, ತೂಕದಲ್ಲಿ ರಸಕ್ಕಿಂತ ಹೆಚ್ಚು ಸಕ್ಕರೆ ಬೆರೆಸಿ ಕಾಯಿಸಿ, ಕುದಿನೀರಿನಲ್ಲಿ ಅದ್ದಿ ತೆಗೆದ ಸೀಸೆಗಳಲ್ಲಿ ತುಂಬಿದರೆ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೇಲದ ಹಣ್ಣಿನ ತಿರುಳಿಗೆ ಬೆಲ್ಲ ಮತ್ತು ಏಲಕ್ಕಿ ಬೆರೆಸಿದ ಪಾನಕವನ್ನು ಮಾತ್ರ ಅಂದಂದೇ ಮಾಡಿ ಕುಡಿಯಬೇಕು. ಈ ಸೀಮೆಯ ಬೇಸಿಗೆಯಲ್ಲಿ ಇಟ್ಟರೆ ಮರುದಿನಕ್ಕೆ ಅದೇ ಹುದುಗತೊಡಗುತ್ತದೆ.