ಎಚ್ಚರದಲ್ಲೇ ಕನಸು ಕಾಣಿಸಿದ ಎಂಜಿನಿಯರ್

ಹುಣಸೆಹಣ್ಣನ್ನು ನೆನೆಸಿಕೊಳ್ಳಿ. ಬಾಯಲ್ಲಿ ನೀರೂರಿತಲ್ಲವೇ? ಎದುರಿಗೆ ಹಣ್ಣಿಲ್ಲ, ಆದರೂ ನಿಮ್ಮ ಲಾಲಾರಸ ಗ್ರಂಥಿಗಳು ಕೆಲಸ ಮಾಡಿದವು. ಮನಸ್ಸಿನ ಚಿತ್ರಕ್ಕೆ ದೇಹ ಹೀಗೆ ಸ್ಪಂದಿಸುವುದಾದರೆ ಅದನ್ನು ಚಿಕಿತ್ಸೆಗೆ ಬಳಸಬಹುದೇ? ಫ್ರಾನ್ಸಿನ ರೊಬೆರ್ ದೆಸ್ವಾಯ್ (1890–1966) ತಮ್ಮ ಬದುಕಿನ ಬಹುಭಾಗವನ್ನು ಈ ಪ್ರಶ್ನೆಗೆ ಮುಡಿಪಾಗಿಟ್ಟರು.

ದೆಸ್ವಾಯ್ ವೃತ್ತಿಯಿಂದ ಎಂಜಿನಿಯರ್. 1920ರ ದಶಕದಲ್ಲಿ ಕಾಸ್ಲಾಂ ಎಂಬ ಸೇನಾಧಿಕಾರಿಯ ಪ್ರಯೋಗಗಳು ಅವರ ಗಮನ ಸೆಳೆದವು. ಕಾಸ್ಲಾಂ ಅವರ ಉದ್ದೇಶ ಅತೀಂದ್ರಿಯ ಶಕ್ತಿಯನ್ನು ಬೆಳೆಸುವುದು. ಅದಕ್ಕಾಗಿ ಕಣ್ಣು ಮುಚ್ಚಿದವರಿಗೆ ಮೇಲೇರುವ ದೃಶ್ಯಗಳನ್ನು ಕಲ್ಪಿಸಿಕೊಳ್ಳಲು ಹೇಳುತ್ತಿದ್ದರು. ದೆಸ್ವಾಯ್ ಅತೀಂದ್ರಿಯವನ್ನು ಬಿಟ್ಟು ವಿಧಾನವನ್ನು ಉಳಿಸಿಕೊಂಡರು.

ಅದು ಹೀಗಿತ್ತು: ಮಬ್ಬುಬೆಳಕಿನ ಕೋಣೆಯಲ್ಲಿ ರೋಗಿ ಮೈ ಸಡಿಲಿಸಿ ಮಲಗಬೇಕು, ನಿದ್ರಿಸಬಾರದು. ಚಿಕಿತ್ಸಕ ಒಂದು ದೃಶ್ಯ ಸೂಚಿಸುತ್ತಾನೆ: ಬೆಟ್ಟ ಹತ್ತುವುದು, ಕಡಲಿನ ಆಳಕ್ಕಿಳಿಯುವುದು. ಸೋಂಪುರದ ಕಡೆಯವರಿಗಾದರೆ ಶಿವಗಂಗೆಯ ಬೆಟ್ಟವೇ ಸಾಕು! ರೋಗಿ ಕಂಡದ್ದನ್ನು ಹೇಳುತ್ತಾ ಹೋಗುತ್ತಾನೆ. ಭಯಾನಕ ಪ್ರಾಣಿ ಎದುರಾದರೆ ಓಡದೆ ಅದನ್ನು ಎದುರಿಸಲು ಚಿಕಿತ್ಸಕ ನೆರವಾಗುತ್ತಾನೆ. ಇದೇ ‘ನಿರ್ದೇಶಿತ ಎಚ್ಚರಗನಸು’. 1938ರಲ್ಲಿ ದೆಸ್ವಾಯ್ ಇದರ ಬಗ್ಗೆ ಪುಸ್ತಕ ಪ್ರಕಟಿಸಿದರು.

ಇದು ಕೆಲಸ ಮಾಡುವುದು ಹೇಗೆ? ಮೊದಲು ಅವರು ಫ್ರಾಯ್ಡ್ ಮತ್ತು ಯೂಂಗ್ ಅವರ ವಿಚಾರಗಳನ್ನು ಆಶ್ರಯಿಸಿದರು. 1950ರ ದಶಕದಲ್ಲಿ ಪಾವ್ಲೊವ್ ಅವರತ್ತ ತಿರುಗಿದರು. ಗಂಟೆಯ ಸದ್ದಿಗೇ ಜೊಲ್ಲು ಸುರಿಸಲು ನಾಯಿ ಕಲಿಯುವಂತೆ ಭಯವೂ ಕಲಿತ ಅಭ್ಯಾಸ. ಹೊಸ ಅಭ್ಯಾಸದಿಂದ ಅದನ್ನು ಅಳಿಸಬಹುದೆಂದು ವಾದಿಸಿದರು. ವಿಧಾನ ಒಂದೇ, ವಿವರಣೆ ಮಾತ್ರ ಬದಲಾಯಿತು!

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗೊಂದು ಪಾಠವಿದೆ. ವಿವರಣೆ ಒಪ್ಪುವಂತಿದ್ದ ಮಾತ್ರಕ್ಕೆ, ಗುಣವಾಯಿತೆಂದು ಕೆಲವರು ಹೇಳಿದ ಮಾತ್ರಕ್ಕೆ ಚಿಕಿತ್ಸೆ ಸಾಬೀತಾಗದು. ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸಬೇಕು. ಭಯದ ದೃಶ್ಯಗಳನ್ನು ಹಂತಹಂತವಾಗಿ ಕಲ್ಪಿಸಿಕೊಳ್ಳುವ ಬೇರೊಂದು ವಿಧಾನವನ್ನು 1958ರಲ್ಲಿ ಜೋಸೆಫ್ ವೋಲ್ಪೆ ವಿವರಿಸಿದರು. ಹಾವಿಗೆ ಹೆದರುವ 24 ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ ಲ್ಯಾಂಗ್ ಮತ್ತು ಲ್ಯಾಜೊವಿಕ್ 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಪಡೆದವರ ಭಯ ಉಳಿದವರಿಗಿಂತ ಹೆಚ್ಚು ತಗ್ಗಿತ್ತು.

ಒಂದು ಎಚ್ಚರಿಕೆ. ಪದೇ ಪದೇ ಕಲ್ಪಿಸಿಕೊಂಡದ್ದು ನಿಜವಾಗಿ ನಡೆದಂತೆ ತೋರಬಹುದು ಎಂಬುದನ್ನು 1990ರ ದಶಕದ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಎಚ್ಚರಗನಸಿನಲ್ಲಿ ಕಂಡ ‘ಹಳೆಯ ನೆನಪು’ ಸಾಕ್ಷ್ಯವಲ್ಲ. ಯಾರಾದರೂ ಕಲ್ಪನೆಯಿಂದಲೇ ಕಾಯಿಲೆ ವಾಸಿ ಮಾಡುವೆನೆಂದರೆ ನೀವು ಕೇಳಬೇಕಾದುದು ಇಷ್ಟೇ: ಯಾರೊಡನೆ ಹೋಲಿಸಿ ನೋಡಿದ್ದೀರಿ?