ಸಾಲದ ಷರತ್ತು, ಬಡತನದ ಅಳತೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ನೀರಮಾನ್ವಿ ಎಂಬ ಊರಿದೆ. ಊರ ಹೆಸರಿನಲ್ಲೇ ನೀರು. ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ಬಂದಿದೆ. ಆದರೂ 2002ರಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಮಾನ್ವಿಯೂ ನೆರೆಯ ದೇವದುರ್ಗವೂ ಸೇರಿದ್ದವು. ಹಿಂದುಳಿದಿರುವಿಕೆಯನ್ನು ಹೀಗೆ ಅಳೆಯುವ ವಿದ್ಯೆ ಎಲ್ಲಿಂದ ಬಂತು? ಅದರ ಬೇರು ಹುಡುಕುತ್ತ ಹೋದರೆ ವಿಶ್ವಸಂಸ್ಥೆಯ ಆರಂಭದ ದಿನಗಳಿಗೇ ಹೋಗಬೇಕಾಗುತ್ತದೆ. ಅಲ್ಲಿ ಎದುರಾಗುವವರು ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಕಟ್ಟಿದ ಡಾ. ವಿ.ಕೆ.ಆರ್.ವಿ. ರಾವ್.

ಕೇಂಬ್ರಿಜ್‌ನಲ್ಲಿ ಕೇನ್ಸ್ ಅವರ ಬಳಿ ಕಲಿತ ರಾವ್, ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕಹಾಕಿದ ಮೊದಲಿಗರಲ್ಲಿ ಒಬ್ಬರು. ಎರಡನೆಯ ಮಹಾಯುದ್ಧದ ನಂತರ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪಆಯೋಗಕ್ಕೆ ಅವರು ಅಧ್ಯಕ್ಷರಾದರು. ಆಗ ವಿಶ್ವಬ್ಯಾಂಕ್ ಸಾಲ ಕೊಡುತ್ತಿದ್ದುದು ಬ್ಯಾಂಕಿನ ಲೆಕ್ಕಾಚಾರದಲ್ಲೇ: ಬಡ್ಡಿ ಬರಬೇಕು, ಅಸಲು ಹೊತ್ತಿಗೆ ಸರಿಯಾಗಿ ತೀರಬೇಕು. ಶಾಲೆ, ಕುಡಿಯುವ ನೀರು, ಗ್ರಾಮದ ರಸ್ತೆಗಳಿಗೆ ಹಾಕಿದ ಹಣ ಅಷ್ಟು ಬೇಗ ಆದಾಯ ತರುವುದಿಲ್ಲ. ಹೊಸದಾಗಿ ಸ್ವತಂತ್ರವಾದ ಬಡ ದೇಶ ಇಂಥ ಸಾಲವನ್ನು ಹೊರುವುದಾದರೂ ಹೇಗೆ? 1949ರಲ್ಲಿ ರಾವ್ ಇದಕ್ಕೊಂದು ಪರಿಹಾರ ಸೂಚಿಸಿದರು. ಸುಲಭ ಷರತ್ತಿನಲ್ಲಿ ಹಣ ಒದಗಿಸುವ ಹೊಸ ಆಡಳಿತ ವ್ಯವಸ್ಥೆಯೊಂದು ವಿಶ್ವಸಂಸ್ಥೆಯ ಅಡಿಯಲ್ಲೇ ಇರಬೇಕು ಎಂಬುದು ಅವರ ಯೋಜನೆ.

ಇಲ್ಲಿ ಹಣದಷ್ಟೇ ಮುಖ್ಯವಾದ ಇನ್ನೊಂದು ಮಾತಿತ್ತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ವಿಶ್ವಬ್ಯಾಂಕಿನಲ್ಲಾದರೆ ಮತದ ತೂಕ ಬಂಡವಾಳದ ಪಾಲನ್ನು ಅನುಸರಿಸುತ್ತದೆ. ಹಣ ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ ಅದರ ಯಜಮಾನ ಯಾರು ಎನ್ನುವುದೂ ನಿಂತಿತ್ತು. ಸಿರಿವಂತ ದೇಶಗಳು, ಮುಖ್ಯವಾಗಿ ಅಮೆರಿಕ, ರಾವ್ ಅವರ ಯೋಜನೆಗೆ ಒಪ್ಪಲಿಲ್ಲ. ಬಡ ದೇಶಗಳೂ ಪಟ್ಟು ಬಿಡಲಿಲ್ಲ. ಹತ್ತು ವರ್ಷಗಳ ಜಗ್ಗಾಟದ ಕೊನೆಗೆ 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಅದರ ಆರಂಭದ ಸಾಲಗಳಿಗೆ ಬಡ್ಡಿ ಇರಲಿಲ್ಲ, ಶೇ 0.75ರ ಸೇವಾ ಶುಲ್ಕ, 50 ವರ್ಷಗಳ ಅವಧಿ. ರಾವ್ ಕೇಳಿದ್ದ ಸುಲಭ ಷರತ್ತು ಸಿಕ್ಕಿತು. ಆದರೆ ಸಂಸ್ಥೆ ವಿಶ್ವಸಂಸ್ಥೆಯ ಕೈಗೆ ಬರದೆ ವಿಶ್ವಬ್ಯಾಂಕಿನ ಅಂಗವಾಯಿತು. ಸಾಲ ಸಡಿಲವಾಯಿತು, ಯಜಮಾನಿಕೆ ಬದಲಾಗಲಿಲ್ಲ.

ಅದೇ ಜಗ್ಗಾಟದಲ್ಲಿ ವಿಶ್ವಸಂಸ್ಥೆಯ ಪಾಲಿಗೆ ಬಂದದ್ದು 1958ರಲ್ಲಿ ಮಂಜೂರಾದ ಚಿಕ್ಕದೊಂದು ವಿಶೇಷ ನಿಧಿ. 1965ರ ನಿರ್ಣಯದಂತೆ ಅದು ತಾಂತ್ರಿಕ ನೆರವಿನ ಯೋಜನೆಯೊಂದಿಗೆ ಸೇರಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾಯಿತು. ದೊಡ್ಡ ಹಣ ಇಲ್ಲದ ಈ ಸಂಸ್ಥೆ ಕೊಟ್ಟ ದೊಡ್ಡ ಕೊಡುಗೆ ಒಂದು ಅಳತೆಗೋಲು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ನೆರವಿನೊಂದಿಗೆ 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿ ಹೊರಬಂತು. ಆದಾಯವೊಂದನ್ನೇ ನೋಡದೆ, ಜನ ಎಷ್ಟು ಕಾಲ ಬದುಕುತ್ತಾರೆ, ಎಷ್ಟು ಓದಿದ್ದಾರೆ ಎಂಬುದನ್ನೂ ಅದು ಎಣಿಕೆಗೆ ತಂದಿತು.

ಕರ್ನಾಟಕ ಈ ಅಳತೆಗೋಲನ್ನು ಜಿಲ್ಲೆಗಳಿಗೆ ಹಿಡಿಯಿತು. ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿ ಬಂದದ್ದು 1999ರಲ್ಲಿ. 2005ರ ಎರಡನೆಯ ವರದಿಯಲ್ಲಿ 27 ಜಿಲ್ಲೆಗಳ ಪೈಕಿ ಬೆಂಗಳೂರು ನಗರ ಜಿಲ್ಲೆ 0.753 ಅಂಕದೊಂದಿಗೆ ಮೊದಲ ಸ್ಥಾನದಲ್ಲಿತ್ತು, 0.547 ಪಡೆದ ರಾಯಚೂರು ಕಟ್ಟಕಡೆಯಲ್ಲಿತ್ತು. ರಾಜ್ಯದ ಸರಾಸರಿಯೊಳಗೆ ಅಡಗಿ ಕುಳಿತಿದ್ದ ಬಡತನ ಹೀಗೆ ಅಂಕಿಯಾಗಿ ಎದುರು ನಿಂತಿತು.

ನಂಜುಂಡಪ್ಪ ಸಮಿತಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಿತ್ತು. 35 ಸೂಚಕಗಳನ್ನಿಟ್ಟು ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿತು. ದೇಶಗಳ ನಡುವಿನ ಅಸಮಾನತೆಯ ಬಗ್ಗೆ ರಾವ್ ಎತ್ತಿದ್ದ ಪ್ರಶ್ನೆಯೇ ಇಲ್ಲಿ ತಾಲ್ಲೂಕುಗಳ ನಡುವೆ ಮರುಹುಟ್ಟು ಪಡೆಯಿತು ಎನ್ನಬಹುದು.

ಯಜಮಾನಿಕೆಯ ಪ್ರಶ್ನೆಯೂ ಜೊತೆಗೇ ಬಂತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯ ಸೇರಿದ ಈ ಸೀಮೆಯ ಜನ ಅನುದಾನದ ಜೊತೆಗೆ ಹಕ್ಕನ್ನೂ ಕೇಳಿದರು. ದೀರ್ಘ ಹೋರಾಟದ ಫಲವಾಗಿ 2012ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯಯುತ ಹಂಚಿಕೆ, ಶಿಕ್ಷಣ ಹಾಗೂ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿಗೆ ಅದು ಅವಕಾಶ ನೀಡಿತು. ಮಂಡಳಿಯ ಕಾರ್ಯವೈಖರಿಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂಬ ಮಾತೂ ಆ ವಿಧಿಯಲ್ಲಿದೆ.

ತಾಲ್ಲೂಕಿನ ಲೆಕ್ಕವೂ ಕೊನೆಗೊಂದು ಸರಾಸರಿಯೇ. ಒಂದೇ ಕಾಲುವೆಯ ಮೇಲ್ಭಾಗದ ಗದ್ದೆಗೂ ಕೊನೆಭಾಗದ ಹೊಲಕ್ಕೂ ಇರುವ ಅಂತರ ಅದರಲ್ಲಿ ಕಾಣುವುದಿಲ್ಲ. ತುಂಗಭದ್ರಾ ಎಡದಂಡೆಯ ಕೊನೆಭಾಗದ ರೈತರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿದಿರುವುದು ಇದೇ ಅಂತರದಿಂದ. ಅಳತೆಗೋಲು ಊರಿನವರೆಗೆ ಇಳಿಯಬೇಕು. ಅದರೊಂದಿಗೆ ನೀರು ಬಿಡುವ, ಹಣ ಹಂಚುವ ತೀರ್ಮಾನದಲ್ಲಿ ಆ ಊರಿಗೂ ಒಂದು ಮತ ಇರಬೇಕು. ಅಳತೆ ಸಿಕ್ಕು ಮತ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು 1960ರಲ್ಲೇ ಬಡ ದೇಶಗಳು ಕಂಡಿವೆ.